ಒಂದು ಹ್ಯಾಮ್‌ಸ್ಟರ್‌ನ ದಿನ ಇನ್ನೊಂದಕ್ಕೆ

ಹ್ಯಾಮ್‌ಸ್ಟರ್ ರಾತ್ರಿ ಓಡಾಡುವ ಪ್ರಾಣಿ. ಕತ್ತಲಾದರೆ ಸಾಕು, ಎದ್ದು ಬೋನಿನ ಚಕ್ರದಲ್ಲಿ ಓಡತೊಡಗುತ್ತದೆ. ವಾರಗಟ್ಟಲೆ ಕತ್ತಲಲ್ಲೇ ಇಟ್ಟರೂ ಹೊತ್ತು ತಪ್ಪುವುದಿಲ್ಲ. ಸುಮಾರು 24 ಗಂಟೆಗೊಮ್ಮೆ ಎದ್ದೇ ಏಳುತ್ತದೆ. ಸೂರ್ಯನನ್ನೇ ನೋಡದ ಪ್ರಾಣಿಗೆ ಹೊತ್ತು ತಿಳಿಯುವುದು ಹೇಗೆ?

1972ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಗಳಲ್ಲಿ ಇದರ ಜಾಡು ಹಿಡಿದವು. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮಿದುಳಿನ ಬುಡದಲ್ಲಿ, ಎಡಕ್ಕೊಂದು ಬಲಕ್ಕೊಂದು ನರಕೋಶಗಳ ಪುಟ್ಟ ಗುಂಪಿದೆ. ಹೆಸರು ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್, ಚಿಕ್ಕದಾಗಿ ಎಸ್‌ಸಿಎನ್. ಇಲಿಯಲ್ಲಿ ಎರಡೂ ಸೇರಿ ಸುಮಾರು 20,000 ಕೋಶಗಳು, ಅಷ್ಟೇ. ಅವನ್ನು ನಾಶ ಮಾಡಿದರೆ ಓಡಾಟಕ್ಕೂ ನೀರು ಕುಡಿಯುವುದಕ್ಕೂ ಹೊತ್ತುಗೊತ್ತೇ ಇರುವುದಿಲ್ಲ.

ಆದರೆ ಇಷ್ಟಕ್ಕೇ ದೇಹಕ್ಕೆ ಹೊತ್ತು ತಿಳಿಸುವ ಗಡಿಯಾರ ಅಲ್ಲೇ ಇದೆ ಅನ್ನಲಾಗದು, ಅಲ್ವಾ? ಗಡಿಯಾರ ಬೇರೆಲ್ಲೋ ಇದ್ದು, ಅದರ ತಂತಿ ಮಾತ್ರ ಇಲ್ಲಿ ತುಂಡಾಗಿರಬಹುದು.

ಈ ಅನುಮಾನ ಕಳೆಯಲು ನೆರವಾದದ್ದು ಒಂದೇ ಒಂದು ಹ್ಯಾಮ್‌ಸ್ಟರ್. ಪ್ರಯೋಗಕ್ಕೆಂದು ತರಿಸಿದ ಪ್ರಾಣಿಗಳಲ್ಲಿ ಒಂದರ ದಿನ 22 ಗಂಟೆಗೇ ಮುಗಿಯುತ್ತಿತ್ತು. ಮಾರ್ಟಿನ್ ರಾಲ್ಫ್ ಮತ್ತು ಮೈಕೆಲ್ ಮೆನೇಕರ್ ಅದರ ವಂಶ ಬೆಳೆಸಿದರು. ಬದಲಾದ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಮರಿಗಳ ದಿನ ಸುಮಾರು 20 ಗಂಟೆ! 1988ರಲ್ಲಿ ಇದು ಪ್ರಕಟವಾಯಿತು. ಎರಡು ವರ್ಷದ ನಂತರ ಬಂದದ್ದು ನನಗೆ ಬಹಳ ಇಷ್ಟವಾದ ಪ್ರಯೋಗ. 24 ಗಂಟೆಯ ಹ್ಯಾಮ್‌ಸ್ಟರ್‌ನ ಎಸ್‌ಸಿಎನ್ ನಾಶ ಮಾಡಿ, ಇನ್ನೂ ಹುಟ್ಟದ 20 ಗಂಟೆ ವಂಶದ ಮರಿಯ ಎಸ್‌ಸಿಎನ್ ಅಂಗಾಂಶವನ್ನು ಕಸಿ ಮಾಡಿದರು. ಕಳೆದುಹೋಗಿದ್ದ ಲಯ ಮರಳಿತು, 20 ಗಂಟೆಯ ಲಯವಾಗಿ. ಅದಲುಬದಲು ಮಾಡಿದರೂ ಅಷ್ಟೇ. ದೇಹ ಯಾರದ್ದೇ ಇರಲಿ, ದಿನದ ಉದ್ದ ಮಾತ್ರ ಕೋಶ ಕೊಟ್ಟ ಪ್ರಾಣಿಯದ್ದು. ಗಡಿಯಾರ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕೇ?

ಆ ಜೀನು ಯಾವುದೆಂದು 2000ದಲ್ಲಿ ಗೊತ್ತಾಯಿತು. ಅದು ಕೇಸೀನ್ ಕೈನೇಸ್ ಎಂಬ ಕಿಣ್ವದ್ದು. ಗಡಿಯಾರದ ಪ್ರೋಟೀನುಗಳು ಎಷ್ಟು ಬೇಗ ಸವೆಯಬೇಕು ಎಂಬುದರಲ್ಲಿ ಇದರ ಕೈ ಇದೆ.

ಕಸಿ ಮಾಡಿದ ಕೋಶಗಳು ದೇಹಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ? 1996ರಲ್ಲಿ ರೇ ಸಿಲ್ವರ್ ಮತ್ತು ಸಂಗಡಿಗರು ಕಸಿ ಅಂಗಾಂಶವನ್ನು ಸಣ್ಣ ಕ್ಯಾಪ್ಸೂಲಿನೊಳಗಿಟ್ಟರು. ಅಣುಗಳು ಹೊರಬರಬಹುದು, ನರದ ಎಳೆಗಳು ಬರಲಾರವು. ಆದರೂ ಹ್ಯಾಮ್‌ಸ್ಟರ್‌ಗಳು ಹೊತ್ತಿಗೆ ಸರಿಯಾಗಿ ಓಡತೊಡಗಿದವು. ಹಾರ್ಮೋನುಗಳ ಕಥೆಯೇ ಬೇರೆ. ಕಸಿಯಿಂದ ಓಡಾಟದ ಲಯ ಮರಳಿದರೂ ಹಾರ್ಮೋನುಗಳ ದಿನದ ಏರಿಳಿತ ಮರಳುವುದಿಲ್ಲ. ಅದಕ್ಕೆ ಎಸ್‌ಸಿಎನ್‌ನಿಂದ ಹೊರಡುವ ನರಗಳೇ ಬೇಕು ಅನಿಸುತ್ತದೆ.