ಹೊಂಡದ ನೀರು ಬೇಸಿಗೆಗಲ್ಲ, ಶ್ರಾವಣಕ್ಕೆ

ಮಳೆ ನಿಂತು ಹದಿನೈದು ದಿನ ಆಗಿರುತ್ತದೆ. ಶೇಂಗಾ ಹೂವಿಗೆ ಬಂದಿದೆ, ಮಧ್ಯಾಹ್ನವಾದರೆ ಎಲೆ ಮಡಚಿಕೊಳ್ಳುತ್ತಿದೆ. ಮಳೆ ನೀರು ಹಿಡಿಯಲು ಹೊಲದ ಮೂಲೆಯಲ್ಲಿ ತೋಡಿದ ಕೃಷಿ ಹೊಂಡ ಮಾತ್ರ ತುಂಬಿ ನಿಂತಿದೆ. ‘ಇವತ್ತ ಪಂಪ್ ಹಚ್ಚ್ರಿ’ ಎಂದರೆ ಗದಗದಲ್ಲೂ ಕೊಪ್ಪಳದಲ್ಲೂ ಸಿಗುವ ಉತ್ತರ ಒಂದೇ: ‘ಇನ್ನೊಂದ್ ನಾಕ್ ದಿನ ನೋಡೂಣ್ರಿ, ಮಳಿ ಬಂದ್ರೂ ಬರಬಹುದು. ಇದ್ದ ನೀರು ಬ್ಯಾಸಿಗಿಗೆ ಬೇಕಾಗ್ತದ.’

ನಾಲ್ಕು ದಿನ ಎಂಟಾಗುತ್ತದೆ, ಬೆಳೆ ಹೋಗುತ್ತದೆ, ನೀರು ಉಳಿಯುತ್ತದೆ. ಬೇಸಿಗೆ ಬರುವಷ್ಟರಲ್ಲಿ ಆ ನೀರೂ ಹೋಗಿರುತ್ತದೆ.

2014–15ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಂಡ ತೋಡುವ ವಿದ್ಯೆ ಊರೂರಿಗೆ ತಲುಪಿದೆ. ಜೆಸಿಬಿಯವರಿಗೇ ಅಳತೆ ಬಾಯಿಪಾಠ. ಹೂಳು ಗುಂಡಿ, ನೀರು ಒಳಬರುವಲ್ಲಿ ಕಲ್ಲು ಹಾಸು, ಒಡ್ಡಿಗಿಂತ ಒಂದೂವರೆ ಅಡಿ ಕೆಳಗೆ ಕೋಡಿ, ಮಸಾರಿ (ಕೆಂಪು) ಮಣ್ಣಿಗೆ ಪ್ಲಾಸ್ಟಿಕ್ ಹಾಳೆ, ಸುತ್ತ ತಂತಿ ಬೇಲಿ. ಇದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದೇ ಒಂದು ಮಾತು: ಹಾಳೆ ಹಾಸಿದ ಹೊಂಡದ ನಾಲ್ಕೂ ಬದಿಗೆ, ಗೂಟಕ್ಕೆ ಕಟ್ಟಿದ ಗಂಟು ಹಗ್ಗ ತಳದವರೆಗೆ ಇಳಿಬಿಟ್ಟಿರಲೇಬೇಕು. ಜಾರಿ ಬಿದ್ದವರು, ಈಜು ಬಲ್ಲವರಾದರೂ, ಒದ್ದೆ ಹಾಳೆಯ ಮೇಲೆ ಹತ್ತಲಾರರು.

ತೋಡಿದ ಹೊಂಡವನ್ನು ಯಾವಾಗ ಖಾಲಿ ಮಾಡಬೇಕು ಎಂಬಲ್ಲೇ ಎಲ್ಲರೂ ಎಡವುತ್ತಾರೆ. ಅದಕ್ಕೆ ಲೆಕ್ಕ ಬೇಕು, ಸ್ವಲ್ಪ ತಾಳ್ಮೆಯಿಂದ ಓದಿ.

ಸಣ್ಣ ಹಿಡುವಳಿದಾರರ ಹೊಲದಲ್ಲಿ ಸಾಮಾನ್ಯವಾಗಿ ಕಾಣುವ 12×12 ಮೀಟರ್, 3 ಮೀಟರ್ ಆಳದ ಹೊಂಡ ತೆಗೆದುಕೊಳ್ಳೋಣ. ಬದಿಗಳು ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಸರಿಯುವಂತೆ ಇಳಿಜಾರಾಗಿರುವುದರಿಂದ ತಳ 6×6 ಮೀಟರಿಗೆ ಬಂದು ನಿಲ್ಲುತ್ತದೆ. ‘12×12×3, ಅಂದ್ರ 432 ಘನ ಮೀಟರ್’ ಎಂದು ಗುಣಿಸಿಬಿಡುವವರು ಬಹಳ. ಹಿಡಿಯುವುದು 252, ಅಂದರೆ ಎರಡೂವರೆ ಲಕ್ಷ ಲೀಟರ್. ಆಕಾರ ಬಟ್ಟಲಿನದು, ಹಾಗಾಗಿ ಹೆಚ್ಚು ನೀರು ಇರುವುದು ಮೇಲ್ಭಾಗದಲ್ಲಿ. ಬಿಸಿಲು ಮೊದಲು ಕುಡಿಯುವುದೂ ಅದನ್ನೇ.

ನಮ್ಮ ಬಯಲುಸೀಮೆಯಲ್ಲಿ ಚಳಿಗಾಲದಲ್ಲಿ ದಿನಕ್ಕೆ 4–5 ಮಿಲಿಮೀಟರ್, ಮಾರ್ಚ್ ನಂತರ 7–8 ಮಿಲಿಮೀಟರ್ ನೀರು ಆವಿಯಾಗುತ್ತದೆ. ಸರಾಸರಿ 5 ಎಂದೇ ಹಿಡಿಯಿರಿ. ಅಕ್ಟೋಬರ್ ಮೊದಲಲ್ಲಿ ತುಂಬಿದ ಹೊಂಡ ಮಾರ್ಚ್ ಕೊನೆಗೆ 90 ಸೆಂಟಿಮೀಟರ್ ಇಳಿದಿರುತ್ತದೆ. ಕಣ್ಣಿಗೆ ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಆದರೆ ಹೋದದ್ದು 1.1 ಲಕ್ಷ ಲೀಟರ್, ನೂರಕ್ಕೆ ನಲವತ್ನಾಲ್ಕು ಪಾಲು. ಇಂಗಿದ್ದು ಬೇರೆ. ಉಳಿದ 1.4 ಲಕ್ಷ ಲೀಟರಿನಲ್ಲಿ ಬೇಸಿಗೆ ಶೇಂಗಾ ಬೆಳೆಯುತ್ತೀರಾ? ಆ ಬೆಳೆ ಎಕರೆಗೆ 20 ಲಕ್ಷ ಲೀಟರಿಗೂ ಹೆಚ್ಚು ಕೇಳುತ್ತದೆ. ನಿಮ್ಮಲ್ಲಿರುವುದು ಒಂದು ಎಕರೆಗೆ ಒಂದು ಸಲ ಕೊಡುವಷ್ಟು. ಹೊಂಡದ ನೀರು ನೆಲದಡಿಯ ಹಗೇವಿನ ಜೋಳವಲ್ಲ, ಮುಚ್ಚಿಟ್ಟರೆ ಉಳಿಯಲು.

ಅದೇ ನೀರನ್ನು ಆಗಸ್ಟಿನಲ್ಲಿ ಕೊಟ್ಟರೆ ಏನಾಗುತ್ತದೆ? ಒಂದು ಎಕರೆಗೆ 1 ಮಿಲಿಮೀಟರ್ ಅಂದರೆ ಸುಮಾರು 4 ಸಾವಿರ ಲೀಟರ್. ಸ್ಪ್ರಿಂಕ್ಲರಿನಲ್ಲಿ 30 ಮಿಲಿಮೀಟರ್ ಕೊಡಲು 1.2 ಲಕ್ಷ ಲೀಟರ್ ಬೇಕು. ತಳದ ಕೆಸರು, ಸೋರಿಕೆ ಕಳೆದರೂ ಒಂದೂವರೆ ಎಕರೆಯಿಂದ ಎರಡು ಎಕರೆಗೆ ಒಂದು ನೀರು ಆಯಿತು. ಹೂವಿನ ಬುಡದಿಂದ ಸೂಜಿಯಂಥ ಎಳೆ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿನಲ್ಲಿ ಮೇಲ್ಮಣ್ಣು ಗಟ್ಟಿಯಾಗಿದ್ದರೆ ಆ ಎಳೆ ಒಳಗೆ ಹೋಗುವುದೇ ಇಲ್ಲ. ಆಮೇಲೆ ಎಷ್ಟು ಮಳೆ ಬಂದರೂ ಬಳ್ಳಿ ಹಸಿರಾದೀತು, ಕಾಯಿ ಸಿಗದು. ಗೋವಿನಜೋಳಕ್ಕೆ ಸೂಲಂಗಿ (ತುದಿಯ ಹೂಗೊಂಚಲು) ಬರುವ ಕಾಲವೂ ಹೀಗೆಯೇ.

ಇನ್ನೊಂದು ಲಾಭ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಉತ್ತರ ಒಳನಾಡಿನಲ್ಲಿ ಜೋರು ಮಳೆಯ ತಿಂಗಳು ಸೆಪ್ಟೆಂಬರ್. ಹುಬ್ಬಾ, ಉತ್ತರಾ ಮಳೆಗಳ ಕಾಲ ಅದು. ಐದು ಎಕರೆ ಎರೆ (ಕಪ್ಪು ಮಣ್ಣಿನ) ಹೊಲದ ಮೇಲೆ 50 ಮಿಲಿಮೀಟರ್ ಒಂದೇ ಸಲ ಸುರಿದು, ನೆನೆದ ನೆಲದಿಂದ ಐದನೇ ಒಂದು ಪಾಲು ಹರಿದು ಬಂದರೂ ಅದು 2 ಲಕ್ಷ ಲೀಟರ್. ಆಗಸ್ಟಿನಲ್ಲಿ ಖಾಲಿಯಾದ ಹೊಂಡ ಅಂಥ ಎರಡು ಮಳೆಗೆ ಮತ್ತೆ ತುಂಬುತ್ತದೆ. ಕಾಯ್ದಿಟ್ಟ ಹೊಂಡಕ್ಕೆ ಬಂದ ನೀರು ಕೋಡಿ ಬಿದ್ದು ಹಳ್ಳ ಸೇರುತ್ತದೆ. ನೀರು ಉಳಿಸಿದೆ ಅಂದುಕೊಂಡವರು ಎರಡನೇ ಹೊಂಡದ ನೀರನ್ನು ಕೈಯಾರೆ ಕಳೆದುಕೊಂಡಿರುತ್ತಾರೆ.

‘ಸೆಪ್ಟೆಂಬರಿನಾಗೂ ಮಳಿ ಆಗದಿದ್ರ?’ ನ್ಯಾಯವಾದ ಪ್ರಶ್ನೆ. 2023ರ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್, ಮಳೆ ವಾಡಿಕೆಗಿಂತ ಶೇ 36ರಷ್ಟು ಕಡಿಮೆ. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಹೊಂಡ ಮತ್ತೆ ತುಂಬುತ್ತದೆಂದು ಯಾರೂ ಬರೆದುಕೊಡಲಾರರು, ನಾನೂ ಕೊಡುವುದಿಲ್ಲ. ತುಂಬದಿದ್ದರೂ ಎರಡು ಎಕರೆಯ ಬೆಳೆ ಮತ್ತು ಹೊಟ್ಟು ಮನೆಗೆ ಬಂದಿರುತ್ತದೆ. ಕಾಯ್ದಿಟ್ಟಿದ್ದರೆ ಅದೂ ಇಲ್ಲ. ಈಗಿನ ಮಳೆಯ ಸ್ವಭಾವವೇ ಹೀಗೆ: ನಾಲ್ಕು ತಾಸಿನಲ್ಲಿ ಸುರಿದು ಮೂರು ವಾರ ಮುಖ ತೋರಿಸುವುದಿಲ್ಲ. ಆ ಮೂರು ವಾರ ದಾಟಿಸುವುದಕ್ಕೇ ಹೊಂಡ ಇರುವುದು.

ಮನೆಯ ಹಿರಿಯ ಹೆಂಗಸರು ಎತ್ತುವ ಇನ್ನೊಂದು ಮಾತು ಬೇಸಿಗೆಯಲ್ಲಿ ದನಗಳಿಗೆ ಕುಡಿಯುವ ನೀರಿನದು. ಅದು ಜಿಪುಣತನವಲ್ಲ, ಅನುಭವ. ಆದರೆ ತಳದ ಒಂದು ಮೀಟರ್ ನೀರು ಬಿಟ್ಟರೆ ಸಾಕು ಎಂಬ ಲೆಕ್ಕ ತಪ್ಪುತ್ತದೆ. ಐದು ತಿಂಗಳಲ್ಲಿ 75–90 ಸೆಂಟಿಮೀಟರ್ ಬಿಸಿಲಿಗೇ ಹೋಗುತ್ತದೆ. ದನಗಳಿಗಾದರೆ ಮುಚ್ಚಳವಿರುವ ತೊಟ್ಟಿಯೋ ಸಿಂಟೆಕ್ಸೋ ಬೇಕು. ಬೋರ್‌ವೆಲ್ ನೀರೆತ್ತಿ ತೆರೆದ ಹೊಂಡ ತುಂಬಿಸುವವರಿಗೂ ಇದೇ ಉತ್ತರ. ನೆಲದಡಿ ತಣ್ಣಗಿದ್ದ ನೀರನ್ನು ಕರೆಂಟು ಸುಟ್ಟು ಬಿಸಿಲಿಗೆ ಹರವುವುದು ಯಾವ ಜಾಣತನವೋ!

ಸರಿ, ಯಾವ ದಿನ ಪಂಪ್ ಹಚ್ಚಬೇಕು? ಆಕಾಶ ನೋಡಬೇಡಿ, ಮಣ್ಣು ನೋಡಿ. ಗಿಡದ ಪಕ್ಕ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಚುಕಿ. ಉಂಡೆ ನಿಲ್ಲದೆ ಉದುರಿದರೆ ಅವತ್ತೇ ನೀರು ಕೊಡಿ. ಮಧ್ಯಾಹ್ನ ಎಲೆ ಬಾಡುವುದು ಸಹಜ, ಬೆಳಗಿನ ಏಳಕ್ಕೂ ಬಾಡಿಯೇ ಇದ್ದರೆ ತಡವಾಗಿದೆ. ಮಸಾರಿಯಲ್ಲಿ ಈ ಹಂತ ಹತ್ತು–ಹನ್ನೆರಡು ದಿನಕ್ಕೇ ಬರಬಹುದು, ಎರೆಯಲ್ಲಿ ಇನ್ನೊಂದು ವಾರ ತಡೆದೀತು. ಆದರೆ ಎರೆ ಭೂಮಿಯವರು ಬಿರುಕು ಬಿಡುವ ಮುಂಚೆಯೇ ಕೊಡಬೇಕು. ಕೈ ತೂರುವಷ್ಟು ಬಿರುಕು ಬಿಟ್ಟ ಮೇಲೆ ಬಿಟ್ಟ ನೀರು ಬೇರಿಗೆ ಸಿಗದೆ ಸೀದಾ ಪಾತಾಳಕ್ಕಿಳಿಯುತ್ತದೆ.

ಸ್ಪ್ರಿಂಕ್ಲರಿನ ಜೆಟ್‌ಗಳನ್ನು 12×12 ಮೀಟರ್ ಅಂತರದಲ್ಲಿ ನಿಲ್ಲಿಸಿ, ಒಂದೊಂದು ಸೆಕೆಂಡಿಗೆ ಅರ್ಧ ಲೀಟರ್ ಉಗುಳಿದರೆ ತಾಸಿಗೆ 12 ಮಿಲಿಮೀಟರಿನಷ್ಟು ಬೀಳುತ್ತದೆ. ಒಂದು ಜಾಗದಲ್ಲಿ ಎರಡೂವರೆ ತಾಸು ಸಾಕು. ಎಂಟು ಜೆಟ್ ಇದ್ದರೆ ಎಕರೆ ಮುಗಿಯಲು ಎಂಟೂವರೆ ತಾಸು. ನಿಮ್ಮ ಪಂಪಿನ ಒತ್ತಡ ಬೇರೆ ಇದ್ದೀತು, ಅದಕ್ಕೇ ನೇರ ಬದಿಯ ನಾಲ್ಕು ಖಾಲಿ ಡಬ್ಬಿಗಳನ್ನು ಹೊಲದಲ್ಲಿಟ್ಟು, ತಾಸಿನ ನಂತರ ಸ್ಕೇಲ್ ಇಳಿಸಿ ಅಳೆಯಿರಿ. ಗಾಳಿ ಜೋರಿದ್ದಾಗ ಒಂದು ಕಡೆ ಕೆರೆ, ಒಂದು ಕಡೆ ಬೆಂಗಾಡು ಆಗುತ್ತದೆ. ರಾತ್ರಿ ಅಥವಾ ನಸುಕಿನಲ್ಲಿ ಹಚ್ಚಿ. ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವ್ ತಳಕ್ಕೆ ಮುಟ್ಟಿದರೆ ಹೂಳು ಎಳೆದು ಜೆಟ್ ಕಟ್ಟಿಕೊಳ್ಳುತ್ತದೆ, ಹಾಳೆಯೂ ಹರಿಯುತ್ತದೆ. ಅದನ್ನು ಖಾಲಿ ಕ್ಯಾನಿಗೆ ಕಟ್ಟಿ, ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೂಗುವಂತೆ ತೇಲಿಬಿಡಿ.

ಕೊನೆಗೆ, ಇದ್ದ ನಾಲ್ಕೂ ಎಕರೆಗೆ ಹಂಚುವ ಆಸೆ ಬೇಡ. ಹಾಗೆ ಹಂಚಿದರೆ ಸಿಗುವ 15 ಮಿಲಿಮೀಟರ್ ನೀರು ಮೇಲ್ಮಣ್ಣನ್ನಷ್ಟೇ ತೋಯಿಸಿ ಎರಡು ದಿನದಲ್ಲಿ ಆರಿಹೋಗುತ್ತದೆ. ಹೂವಿನಲ್ಲಿರುವ, ಕಳೆ ತೆಗೆದಿರುವ ಎರಡು ಎಕರೆ ಆರಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲಿನ ಹೊಲವಾಗಿದ್ದರೆ ಯಾರ ಪಾಲಿಗೆ ಮೊದಲು ಎಂಬುದನ್ನು ಜೂನಿನಲ್ಲೇ ಮಾತಾಡಿಕೊಳ್ಳಿ, ಬಾಡಿಗೆ ಪಂಪಿನವನಿಗೂ ಆಗಲೇ ಹೇಳಿಡಿ. ಬೆಳೆ ಬಾಡುತ್ತಿರುವಾಗ ಊರಿಗೆಲ್ಲ ಇರುವ ಒಂದೇ ಡೀಸೆಲ್ ಪಂಪ್ ಪಕ್ಕದ ಊರಿನಲ್ಲಿರುತ್ತದೆ. ಸೆಪ್ಟೆಂಬರಿನಲ್ಲಿ ಹೊಂಡ ಮತ್ತೆ ತುಂಬಿದರೆ ಆ ನೀರು ಹಿಂಗಾರಿಯದು: ಜೋಳ ಹೊಡೆಗೆ ಬಂದಾಗ ಒಂದು, ಇಲ್ಲವೇ ಕಡಲೆ ಹೂಬಿಡುವ ಮುಂಚೆ ಒಂದು. ಕಡಲೆಗೆ ಅದಕ್ಕಿಂತ ಹೆಚ್ಚು ಕೊಟ್ಟರೆ ಗಿಡ ಸೊಕ್ಕಿ ಸೊಪ್ಪಾಗುತ್ತದೆ, ಕಾಯಿ ಕಡಿಮೆ.