ಹೇಸರಗತ್ತೆ ನಿಂತುಬಿಟ್ಟರೆ ಏನು ಮಾಡಬೇಕು: ಸ್ವಭಾವ, ತರಬೇತಿಯ ಬಗ್ಗೆ ಟಿಪ್ಪಣಿ

ಮುಂಬೈಯ ಪರೇಲಿನಲ್ಲಿ ಪಶುವೈದ್ಯಕೀಯ ಓದುತ್ತಿರುವ ಕನ್ನಡದ ಗೆಳೆಯರಿಗೆ, ಪುಣೆಯ ಪ್ರಾಣಿ ಆಶ್ರಯಗಳಲ್ಲಿ ಭಾನುವಾರ ಕೈಜೋಡಿಸುವವರಿಗೆ ಅಂತ ಈ ಟಿಪ್ಪಣಿ. ನಾವು ಓದುವ ಪುಸ್ತಕಗಳಲ್ಲಿ ಹೇಸರಗತ್ತೆಗೆ ಸಿಗುವ ಜಾಗ ಬಹಳ ಕಡಿಮೆ. ಕುದುರೆಯ ಪಾಠ ಮುಗಿಯುವಾಗ ಒಂದು ಪ್ಯಾರಾ, ಅದರಲ್ಲಿ "ಹಟಮಾರಿ" ಅನ್ನುವ ಒಂದು ಮಾತು, ಅಷ್ಟೇ. ಆ ಮಾತನ್ನು ತಲೆಯಲ್ಲಿಟ್ಟುಕೊಂಡು ಹತ್ತಿರ ಹೋದವರು ಅದಕ್ಕೆ ಏನನ್ನೂ ಕಲಿಸಲಾರರು ಅಂತ ನನ್ನ ಗಟ್ಟಿ ಅಭಿಪ್ರಾಯ. ಹೇಸರಗತ್ತೆ ನಡೆಯುತ್ತಾ ನಡೆಯುತ್ತಾ ನಿಂತಿತು ಅಂದರೆ ಅದು ಏನನ್ನೋ ಕಂಡಿದೆ, ಮುಂದೆ ಹೋಗಬಹುದಾ ಅಂತ ಇನ್ನೂ ನೋಡುತ್ತಿದೆ. ಆ ಹೊತ್ತಿನಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನ ತರಬೇತಿ ಎಲ್ಲಾ ನಿಂತಿದೆ.

ಹುಟ್ಟಿನ ವಿಷಯ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. ಅಪ್ಪ ಕತ್ತೆ, ಅಮ್ಮ ಕುದುರೆ ಆದರೆ ಹೇಸರಗತ್ತೆ. ಅಪ್ಪ ಕುದುರೆ, ಅಮ್ಮ ಕತ್ತೆ ಆದರೆ ಹಿನ್ನಿ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ಹೇಸರಗತ್ತೆಗೆ 63, ಅವು ಸರಿಯಾಗಿ ಜೋಡಿಯಾಗುವುದಿಲ್ಲ. ಹಾಗಾಗಿ ಮರಿ ಹಾಕುವುದು ತೀರಾ ಅಪರೂಪ. ಆದರೆ ಇಲ್ಲೊಂದು ವಿಷಯ ಗುರುತು ಹಾಕಿಕೊಳ್ಳಿ, ಪರೀಕ್ಷೆಗೂ ಬೇಕು, ಕೆಲಸಕ್ಕೂ ಬೇಕು. ಮರಿ ಹುಟ್ಟಿಸಲು ಆಗದಿದ್ದರೂ ಗಂಡು ಹೇಸರಗತ್ತೆಯಲ್ಲಿ ಗಂಡು ಹಾರ್ಮೋನು ಇದ್ದೇ ಇರುತ್ತದೆ. ಬೀಜ ತೆಗೆಸದೆ ಬಿಟ್ಟರೆ ದೊಡ್ಡದಾದ ಮೇಲೆ ಅದು ಹತ್ತಿರ ನಿಲ್ಲುವವರಿಗೆ ನಿಜಕ್ಕೂ ಅಪಾಯ. "ಹೇಗೂ ಬರಡು, ಸುಮ್ನೆ ಯಾಕೆ ಆಪರೇಷನ್" ಅನ್ನುವ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಬೇಕು.

ಈಗ ಮುಖ್ಯ ಮಾತಿಗೆ ಬರೋಣ. ಹೇಸರಗತ್ತೆಯ ಮನಸ್ಸು ಅರ್ಥವಾಗಬೇಕಾದರೆ ಮೊದಲು ಅದರ ಅಪ್ಪನನ್ನೂ ಅಮ್ಮನನ್ನೂ ಬೇರೆ ಬೇರೆಯಾಗಿ ನೋಡಬೇಕು, ಮತ್ತು ಮುಂಬೈ ಪುಣೆಯಲ್ಲಿರುವ ನಮಗೆ ಅದು ಸುಲಭ. ಕತ್ತೆಯನ್ನು ನೋಡಬೇಕಾ, ಪುಷ್ಯ ಹುಣ್ಣಿಮೆಗೆ ಪುಣೆ ಹತ್ತಿರದ ಜೇಜೂರಿಗೆ ಹೋಗಿ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ, ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅವನು ಕುಲದೇವರು. ದರ್ಶನ ಮುಗಿಸಿ, ಮೈಮೇಲೆ ಬಿದ್ದ ಭಂಡಾರದ ಅರಿಶಿನ ಕೊಡವಿಕೊಂಡು ಕತ್ತೆ ಸಂತೆಯ ಕಡೆ ನಡೆಯಿರಿ. ವಡಾರ, ಕೈಕಾಡಿ, ಕುಂಬಾರ, ಬೇಲ್ದಾರ ಸಮುದಾಯದವರು ತಲೆಮಾರುಗಳಿಂದ ಕತ್ತೆ ಕೊಳ್ಳುವ, ಮಾರುವ ಜಾಗ ಅದು. ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಗುಜರಾತಿನ ಕಾಠಿಯಾವಾಡದ ದೊಡ್ಡ ಕತ್ತೆಗಳೂ ಬರುತ್ತವೆ, ಗಾವ್ಠಿ ಅನ್ನುವ ಊರ ಸಣ್ಣ ಕತ್ತೆಗಳೂ ಇರುತ್ತವೆ. ಅಷ್ಟು ಗದ್ದಲದಲ್ಲಿ ಕತ್ತೆ ಹೇಗೆ ನಿಂತಿರುತ್ತದೆ ಅಂತ ನೋಡಿ. ಪಕ್ಕದಲ್ಲಿ ಏನೋ ಧಡ್ ಅಂತ ಬಿದ್ದರೆ ಓಡುವುದು ಕಡಿಮೆ. ಕಾಲು ಊರಿ ನಿಂತು ಕಿವಿ ಆ ಕಡೆ ತಿರುಗಿಸುತ್ತದೆ.

ಇದಕ್ಕೆ ಕಾರಣ ಇದೆ. ಕತ್ತೆಯ ಮೂಲ ಈಶಾನ್ಯ ಆಫ್ರಿಕದ ಒಣ ನೆಲ. ಅಲ್ಲಿ ಮೇವು ಕಮ್ಮಿ, ನೀರು ಕಮ್ಮಿ, ಹಾಗಾಗಿ ಪ್ರಾಣಿಗಳು ದೊಡ್ಡ ಹಿಂಡು ಕಟ್ಟದೆ ಚದುರಿ ಬದುಕುತ್ತಿದ್ದವು. ಒಂಟಿಯಾಗಿದ್ದು, ಕಲ್ಲುನೆಲದಲ್ಲಿ, ಬಿಸಿಲಲ್ಲಿ, ಸದ್ದಾದಾಗಲೆಲ್ಲ ಓಡುತ್ತಾ ಹೋದರೆ ಶಕ್ತಿ ಮುಗಿದು ಸಾಯಬೇಕಾಗುತ್ತದೆ. ನಿಂತು ನೋಡಿ, ಬೇಕಾದರೆ ಓಡಿ, ಓಡಲಾಗದಿದ್ದರೆ ಒದ್ದು ಕಚ್ಚಿ ಉಳಿದುಕೊಂಡವು ಅವು. ಕುದುರೆಯ ಕಥೆ ಬೇರೆ. ಅದು ಬಯಲು ಹುಲ್ಲುಗಾವಲಿನ ಹಿಂಡಿನ ಪ್ರಾಣಿ. ಒಂದು ಓಡಿದರೆ ಎಲ್ಲವೂ ಓಡುತ್ತವೆ, ಯಾಕೆ ಅಂತ ಆಮೇಲೆ ನೋಡುತ್ತವೆ. ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನಿನ ಸವಾರಿ ಕುದುರೆಗಳನ್ನು ಒಂದು ಮಧ್ಯಾಹ್ನ ಗಮನಿಸಿದರೆ ಇದು ಕಾಣುತ್ತದೆ, ಮುಂದಿನ ಕುದುರೆ ಬೆಚ್ಚಿದರೆ ಹಿಂದಿನವೂ ಬೆಚ್ಚುತ್ತವೆ.

ಹೇಸರಗತ್ತೆಯಲ್ಲಿ ಎರಡೂ ಸೇರಿವೆ. ಅದಕ್ಕೇ ಅದನ್ನು ಓದುವುದು ಕಷ್ಟ. ಮೊದಲು ಕತ್ತೆಯ ಹಾಗೆ ನಿಲ್ಲುತ್ತದೆ. ನಿಂತಾಗ ತಪ್ಪಾಗಿ ನಡೆಸಿಕೊಂಡರೆ ಕುದುರೆಯ ವೇಗದಲ್ಲಿ ಓಡುತ್ತದೆ, ಅಥವಾ ಒದೆಯುತ್ತದೆ. ಹಿಂಗಾಲನ್ನು ಪಕ್ಕಕ್ಕೂ ಚಾಚಿ ಒದೆಯಬಲ್ಲದು, ಅದೂ ಗುರಿ ಇಟ್ಟ ಹಾಗೆ. ಕುದುರೆಯ ಹೆಗಲಿನ ಹತ್ತಿರ ನಿಂತರೆ ಸುರಕ್ಷಿತ ಅಂತ ಕಲಿತಿದ್ದೇವಲ್ಲ, ಹೊಸ ಹೇಸರಗತ್ತೆಯ ಹತ್ತಿರ ಅಷ್ಟು ನಿಶ್ಚಿಂತೆಯಿಂದ ಇರಬೇಡಿ.

ಬುದ್ಧಿಯ ವಿಷಯದಲ್ಲಿ ಒಂದು ಅಧ್ಯಯನ ಇದೆ. 2009ರಲ್ಲಿ ಪ್ರಕಟವಾದ ಅದರಲ್ಲಿ ಇಂಗ್ಲೆಂಡಿನ ಸಂಶೋಧಕರು ಹೇಸರಗತ್ತೆ, ಕತ್ತೆ, ಪೋನಿ (ಸಣ್ಣ ತಳಿಯ ಕುದುರೆ) ಮೂರಕ್ಕೂ ಒಂದೇ ಪರೀಕ್ಷೆ ಕೊಟ್ಟರು. ಎರಡು ಚಿತ್ರಗಳಲ್ಲಿ ಸರಿಯಾದದ್ದನ್ನು ಆರಿಸಿದರೆ ತಿನ್ನಲು ಸಿಗುತ್ತದೆ, ಕಲಿತ ಮೇಲೆ ಹೊಸ ಜೋಡಿ ಚಿತ್ರ ಬರುತ್ತದೆ. ಹೇಸರಗತ್ತೆಗಳು ಅಪ್ಪ ಅಮ್ಮನ ಜಾತಿ ಎರಡಕ್ಕಿಂತ ಚೆನ್ನಾಗಿ ಕಲಿತವು. ಮೈಬಲದಲ್ಲಿ ಕಾಣುವ ಮಿಶ್ರತಳಿಯ ಲಾಭ ಕಲಿಕೆಯಲ್ಲೂ ಇರಬಹುದು ಅನ್ನುವುದಕ್ಕೆ ಅದು ಆಧಾರ. ಪರೀಕ್ಷೆ ಬರೆದ ಪ್ರಾಣಿಗಳು ಕೆಲವೇ, ಅದು ನೆನಪಿರಲಿ. ಆದರೂ ಕೆಲಸ ಮಾಡಿಸುವವರು ಹೇಳುವ ಮಾತಿಗೆ ಇದು ಹೊಂದುತ್ತದೆ. ಇವು ಬೇಗ ಕಲಿಯುತ್ತವೆ, ಮತ್ತು ಬೇಡವಾದದ್ದನ್ನೂ ಅಷ್ಟೇ ಬೇಗ ಕಲಿಯುತ್ತವೆ. ನಮ್ಮ ಸೈನ್ಯದ ಪೆಡೊಂಗಿಯ ಕಥೆ ಕೇಳಿರಬೇಕು ನೀವು. 1971ರ ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕಿದ ಆ ಹೇಸರಗತ್ತೆ, ಬೆನ್ನ ಮೇಲಿದ್ದ ಮೆಷಿನ್ ಗನ್ ಸಮೇತ ತಪ್ಪಿಸಿಕೊಂಡು ತನ್ನವರ ಹತ್ತಿರ ವಾಪಸ್ ಬಂದಿತ್ತು. ದಾರಿಯ ನೆನಪು, ತನ್ನ ಗುಂಪಿನ ಸೆಳೆತ ಎರಡೂ ಅದರಲ್ಲಿ ಕಾಣುತ್ತವೆ.

ನಿಂತಾಗ ಏನಾಗುತ್ತಿರುತ್ತದೆ

ಮಾಥೇರಾನಿನಲ್ಲಿ ಸಾಮಾನ್ಯವಾಗಿ ಮೋಟಾರು ವಾಹನಗಳಿಗೆ ಪ್ರವೇಶ ಇಲ್ಲ. ದಸ್ತೂರಿ ನಾಕಾದಲ್ಲಿ ಗಾಡಿ ನಿಲ್ಲಿಸಿ, ಅಲ್ಲಿಂದ ಕೆಂಪು ಮಣ್ಣಿನ ದಾರಿ ಹಿಡಿಯಬೇಕು. ಸಾಮಾನು ಪ್ರಾಣಿಗಳ ಬೆನ್ನ ಮೇಲೋ ಕೈಗಾಡಿಯಲ್ಲೋ ಹೋಗುತ್ತದೆ. ಮಳೆ ಬಂದು ದಾರಿ ಜಾರುವಾಗ, ಅಡ್ಡ ಮೋರಿಯ ಮೇಲೆ ನೀರು ಹರಿಯುವಾಗ, ಹೊರೆ ಹೊತ್ತ ಪ್ರಾಣಿ ನಿಲ್ಲುವುದನ್ನು ಅಲ್ಲಿ ನೋಡಬಹುದು. ಪಳಗಿದ ಕೈಯವರು ಹಗ್ಗ ಸಡಿಲ ಬಿಡುತ್ತಾರೆ. ಅಂಥ ಒಬ್ಬ ಕಾಕಾ ನಮಗೆ ಹೇಳಿದ್ದು ಇಷ್ಟೇ: "ಥಾಂಬಾ, ಬಘೂ ದೇ ತ್ಯಾಲಾ." ನಿಲ್ಲಿ, ಅದು ನೋಡಲಿ. ಪ್ರಾಣಿ ತಲೆ ತಗ್ಗಿಸಿ ನೀರನ್ನು ಮೂಸಿತು, ಒಂದು ಗೊರಸು ಇಟ್ಟು ಹಿಂದಕ್ಕೆ ತೆಗೆಯಿತು, ಮತ್ತೆ ಇಟ್ಟಿತು, ದಾಟಿತು. ಒಮ್ಮೆ ಹೀಗೆ ತಾನೇ ನೋಡಿ ದಾಟಿದ ಜಾಗದಲ್ಲಿ ಆಮೇಲೆ ಅದು ನಿಲ್ಲುವುದು ಕಡಿಮೆ. ಅಲ್ಲೇ ಹೊಡೆದರೆ ಏನಾಗುತ್ತದೆ ಯೋಚಿಸಿ. ಹೆದರಿಕೆ ಇದ್ದ ಜಾಗಕ್ಕೆ ನೋವೂ ಸೇರುತ್ತದೆ. ನಾಳೆ ಆ ಮೋರಿ ಇನ್ನೂ ದೂರದಿಂದಲೇ ಹೆದರಿಸುತ್ತದೆ, ಜೊತೆಗೆ ಕೋಲು ಹಿಡಿದ ಮನುಷ್ಯನೂ ಹೆದರಿಸುತ್ತಾನೆ.

ನಿಂತ ಎಲ್ಲಾ ಪ್ರಾಣಿಯೂ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಕಿವಿ ಆಡುತ್ತಿದೆ, ತಲೆ ತಗ್ಗುತ್ತಿದೆ, ಮೂಗು ಮೂಸುತ್ತಿದೆ ಅಂದರೆ ಅದು ಯೋಚಿಸುತ್ತಿದೆ, ಅದರ ಪಾಡಿಗೆ ಬಿಡಿ. ಕುತ್ತಿಗೆ ಎತ್ತಿ ಮೈಯೆಲ್ಲ ಬಿಗಿಯಾಗಿದೆ, ತುಟಿ ಗಟ್ಟಿಯಾಗಿದೆ, ಬಾಲ ಒತ್ತಿಕೊಂಡಿದೆ, ಕಣ್ಣಿನ ಬಿಳಿ ಕಾಣುತ್ತಿದೆ ಅಂದರೆ ಭಯ ಮಿತಿ ಮೀರಿದೆ, ಆಗ ಅದನ್ನು ಎರಡು ಹೆಜ್ಜೆ ಹಿಂದೆ ಕರೆದುಕೊಂಡು ದೂರ ಕೊಡಿ. ಹೊಸಬರಿಗೆ ತೊಂದರೆ ಆಗುವುದು ಇಲ್ಲೇ. ಬಿಗಿದು ನಿಂತಿದ್ದನ್ನು ಶಾಂತವಾಗಿದೆ ಅಂದುಕೊಂಡು ಬೆನ್ನ ಮೇಲೆ ಹೊರೆ ಹಾಕುತ್ತಾರೆ, ಮರುಕ್ಷಣ ಅದು ಚಿಮ್ಮುತ್ತದೆ. "ಏನೂ ಸೂಚನೆ ಕೊಡದೆ ಒದೆಯಿತು" ಅಂತ ಆಮೇಲೆ ಹೇಳುತ್ತಾರೆ. ಸೂಚನೆ ಇತ್ತು, ಅಲ್ವಾ?

ಕಲಿಸುವುದು

ಎಲ್ಲದರ ತಿರುಳು ಒಂದೇ: ಒತ್ತಡ ಯಾವಾಗ ನಿಲ್ಲುತ್ತದೋ ಆ ಗಳಿಗೆಯಲ್ಲಿ ಮಾಡುತ್ತಿದ್ದದ್ದನ್ನು ಪ್ರಾಣಿ ಕಲಿಯುತ್ತದೆ. ಮುಖದ ಹಗ್ಗವನ್ನು ಮೆಲ್ಲಗೆ ಎಳೆದಿರಿ, ಅದು ಮೈಭಾರವನ್ನು ಚೂರು ಮುಂದಕ್ಕೆ ತಂದಿತು, ತಕ್ಷಣ ಹಗ್ಗ ಬಿಡಬೇಕು. ಒಂದು ಹೆಜ್ಜೆಗೆ ಕಾಯಬೇಡಿ, ಶುರುವಿನಲ್ಲಿ ಆ ವಾಲುವಿಕೆಯೇ ಸಾಕು. ಅದು ಹಿಂದಕ್ಕೆ ಜಗ್ಗಿದಾಗ ನೀವು ಸೋತು ಹಗ್ಗ ಬಿಟ್ಟರೆ ಜಗ್ಗುವುದನ್ನು ಕಲಿಸಿದ ಹಾಗಾಯಿತು. ನೇರವಾಗಿ ಎಳೆದಾಟಕ್ಕೆ ಇಳಿಯಲೇಬೇಡಿ. ಕೆಲವು ನೂರು ಕಿಲೋ ತೂಕದ ಪ್ರಾಣಿ ಅದು, ಗೆಲ್ಲುವುದು ಅದೇ, ಗೆದ್ದದ್ದನ್ನು ಮರೆಯುವುದೂ ಇಲ್ಲ. ಕಾಲು ಊರಿ ನಿಂತರೆ ತಲೆಯನ್ನು ಪಕ್ಕಕ್ಕೆ ಕರೆಯಿರಿ, ಮುಂಗಾಲು ಒಂದು ಅಡ್ಡ ಹೆಜ್ಜೆ ಇಟ್ಟ ಮೇಲೆ ಮುಂದಕ್ಕೆ ಕರೆಯಿರಿ. ಅಡ್ಡಕ್ಕೆ ಸರಿದ ಕಾಲು ಮುಂದಕ್ಕೆ ಬರುವುದು ಸುಲಭ.

ಓಡಿಹೋಗುವ ಚಟವೂ ಹೀಗೇ ಹುಟ್ಟುತ್ತದೆ. ಹೇಸರಗತ್ತೆ ಕುತ್ತಿಗೆಯನ್ನು ನೆಟ್ಟಗೆ ಬಿಗಿದು, ಹೆಗಲನ್ನು ನಿಮ್ಮಿಂದ ಆಚೆ ತಿರುಗಿಸಿ ಹೊರಟರೆ ಯಾರಿಂದಲೂ ಹಿಡಿಯಲು ಆಗದು. ಅದಕ್ಕೇ ಮೊದಲ ವಾರಗಳಲ್ಲಿ ಸಣ್ಣ, ಬೇಲಿ ಇರುವ ಜಾಗದಲ್ಲೇ ನಡೆಸಬೇಕು, ಅದರ ಮೂಗು ಯಾವಾಗಲೂ ಸ್ವಲ್ಪ ನಿಮ್ಮ ಕಡೆಗೆ ಬಾಗಿರುವ ಹಾಗೆ ನೋಡಿಕೊಳ್ಳಬೇಕು.

ಕಾಲು ಮುಟ್ಟಿಸಿಕೊಳ್ಳುವುದನ್ನು ಕಲಿಸದಿದ್ದರೆ ಲಾಳ ಕಟ್ಟುವವರ, ಡಾಕ್ಟರರ ಪಾಡು ಕಷ್ಟ. ಬಿದಿರು ಕೋಲಿನ ತುದಿಗೆ ಬಟ್ಟೆ ಸುತ್ತಿ, ಹೆಗಲಿನಿಂದ ಶುರುಮಾಡಿ ಬೆನ್ನು, ತೊಡೆ, ಹಿಂಗಾಲು ಅಂತ ನಿಧಾನಕ್ಕೆ ಇಳಿಸುತ್ತಾ ಬನ್ನಿ. ಅದು ಒದ್ದಾಗ ಬಟ್ಟೆ ತೆಗೆಯಬಾರದು, ಕಾಲು ನೆಲಕ್ಕೆ ಬಂದು ಒಂದು ಉಸಿರಿನಷ್ಟು ಸುಮ್ಮನಾದಾಗ ತೆಗೆಯಬೇಕು. ಒದ್ದ ಕ್ಷಣ ತೆಗೆದರೆ ಒದೆಯೇ ಪಾಠವಾಗುತ್ತದೆ. ಆದರೆ ಹೆದರಿ ಪದೇ ಪದೇ ಒದೆಯುತ್ತಿದ್ದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ, ಮುಂದಿನ ಸಲ ಮತ್ತೆ ಹೆಗಲಿನಿಂದ ಶುರುಮಾಡಿ. ಸುಮ್ಮನಿದ್ದಾಗ ಒಂದು ಚೂರು ಕ್ಯಾರೆಟ್ ಕೊಟ್ಟರೆ ಒಳ್ಳೆಯದೇ, ಆದರೆ ಜೇಬಿಗೆ ಮೂತಿ ಹಾಕಲು ಬಿಡಬೇಡಿ. ಕಿವಿ ಹಿಡಿದು ತಡೆಯುವ ಅಭ್ಯಾಸವನ್ನಂತೂ ನಾನು ಪೂರ್ತಿ ವಿರೋಧಿಸುತ್ತೇನೆ. ಒಮ್ಮೆ ಕಿವಿ ನೋಯಿಸಿದರೆ ಮುಖಕ್ಕೆ ಹಗ್ಗ ಹಾಕುವುದೇ ದಿನಾ ಜಗಳವಾಗುತ್ತದೆ. ಮೂತಿಗೆ ಹಗ್ಗ ಸುತ್ತಿ ತಿರುಚುವ ಉಪಾಯ ಕುದುರೆಗೆ ನಡೆದರೂ ಇವಕ್ಕೆ ಸರಿಬರುವುದು ಕಡಿಮೆ, ಎಷ್ಟೋ ಸಲ ಇನ್ನೂ ಕೆರಳುತ್ತವೆ.

ಹೊರೆ ಹೊರಿಸುವಾಗ ಮೊದಲು ಖಾಲಿ ಗಾದಿ, ಆಮೇಲೆ ಹೊಟ್ಟೆಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಬಿಗಿಯುವುದು, ಆಮೇಲೆ ಹುಲ್ಲು ತುಂಬಿದ ಹಗುರ ಚೀಲ, ಆಮೇಲೆ ಸದ್ದು ಮಾಡುವ ಸಾಮಾನು. ಎರಡೂ ಬದಿಯ ತೂಕ ಸಮ ಇರಲೇಬೇಕು. ಒಂದು ಕಡೆ ವಾಲಿದ ಹೊರೆ ಬೆನ್ನು ಉಜ್ಜಿ ಗಾಯ ಮಾಡುತ್ತದೆ, ಮರುದಿನ ಗಾದಿ ಕಂಡರೆ ಅದು ದೂರ ಸರಿಯುತ್ತದೆ, ಅದನ್ನೂ ನಾವು ಹಟ ಅನ್ನುತ್ತೇವೆ. ಹೊರೆಗೆ ನಿಲ್ಲದ ಪ್ರಾಣಿಯ ಗಾದಿ ತೆಗೆದು ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಕಾನೂನು ಗೊತ್ತಿರಲಿ. 1965ರ ಭಾರ ಎಳೆಯುವ, ಹೊರುವ ಪ್ರಾಣಿಗಳ ನಿಯಮಗಳಲ್ಲಿ ಹೇಸರಗತ್ತೆಗೆ 200 ಕಿಲೋ, ಪೋನಿಗೆ 70, ಕತ್ತೆಗೆ 50 ಅಂತ ಮಿತಿ ಇದೆ. ದಿನಕ್ಕೆ 9 ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ 5 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ಇಲ್ಲ. 200 ಅನ್ನುವುದು ನನಗೆ ಒಪ್ಪಿಗೆಯಾಗದ ಸಂಖ್ಯೆ. ನಮ್ಮ ಬೆಟ್ಟಗಳಲ್ಲಿ ದುಡಿಯುವ ಸಣ್ಣ ಮೈಯ ಹೇಸರಗತ್ತೆಗೆ ಅದು ತೀರಾ ಜಾಸ್ತಿ, ಪ್ರಾಣಿಯ ಮೈ, ದಾರಿಯ ಏರು ನೋಡಿ ಬಹಳ ಕಡಿಮೆಗೇ ನಿಲ್ಲಿಸಬೇಕು.

ಸಾಲಾಗಿ ನಡೆಸುವವರಿಗೆ ಒಂದು ಹಳೆಯ ಉಪಾಯ ಗೊತ್ತು. ಕುತ್ತಿಗೆಗೆ ಗಂಟೆ ಕಟ್ಟಿದ ಹೆಣ್ಣು ಕುದುರೆಯನ್ನು ಮುಂದೆ ಬಿಡುತ್ತಾರೆ, ಹೇಸರಗತ್ತೆಗಳು ಹಿಂದೆ ಬರುತ್ತವೆ. ಕುದುರೆಯ ಹಾಲು ಕುಡಿದು, ಕುದುರೆಯ ಮಗ್ಗುಲಲ್ಲೇ ಬೆಳೆದವು ಅವು, ಆ ನಂಟು ಉಳಿಯುತ್ತದೆ. ಆಶ್ರಯದಲ್ಲಿ ಒಂಟಿಯಾಗಿ ಕಟ್ಟಿದ ಹೇಸರಗತ್ತೆ ಕಲಿಯದೆ ಒದ್ದಾಡುತ್ತಿದ್ದರೆ, ಪಕ್ಕದಲ್ಲಿ ಶಾಂತ ಸ್ವಭಾವದ ಹೆಣ್ಣು ಕುದುರೆ ತಂದು ನಿಲ್ಲಿಸಿ ನೋಡಿ. ಮರಿಯೂ ಅಮ್ಮನನ್ನು ನೋಡಿಯೇ ಮನುಷ್ಯರನ್ನು ನಂಬಬೇಕಾ ಬೇಡವಾ ಅಂತ ಕಲಿಯುತ್ತದೆ, ಹಾಗಾಗಿ ಮರಿಯ ತರಬೇತಿ ಅಮ್ಮನ ಮೈ ಸವರುವುದರಿಂದ ಶುರುವಾಗಲಿ.

2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 1.96 ಲಕ್ಷ ಹೇಸರಗತ್ತೆಗಳಿದ್ದವು, 2019ರಲ್ಲಿ ಸುಮಾರು 84 ಸಾವಿರ. ಪ್ರಾಣಿ ಕಡಿಮೆಯಾದ ಹಾಗೆ ಅದನ್ನು ಬಲ್ಲ ಕೈಗಳೂ ಕಡಿಮೆಯಾಗುತ್ತಿವೆ. ಉಳಿದವು ಇಟ್ಟಿಗೆ ಭಟ್ಟಿಗಳಲ್ಲಿ, ಯಾತ್ರೆಯ ಬೆಟ್ಟಗಳಲ್ಲಿ ದುಡಿಯುತ್ತಿವೆ, ಅವುಗಳಲ್ಲಿ ಕೆಲವು ನಮ್ಮ ಮೇಜಿಗೆ ಬರುವುದು ತೀರಾ ಹದಗೆಟ್ಟ ಮೇಲೆ.

ಅದಕ್ಕೆ ಚಿಕಿತ್ಸೆಯ ಎರಡು ಮಾತು. ಮಂಪರು ಬರಿಸುವ ಔಷಧಿ ಝೈಲಜೀನ್ ಇವಕ್ಕೆ ಕುದುರೆಗಿಂತ ಸುಮಾರು ಅರ್ಧದಷ್ಟು ಜಾಸ್ತಿ ಬೇಕಾಗುತ್ತದೆ, ಮತ್ತು ಕೆರಳಿದ ಪ್ರಾಣಿಗೆ ಕೊಟ್ಟರೆ ಸರಿಯಾಗಿ ಹಿಡಿಯುವುದಿಲ್ಲ. ಸೂಜಿ ತೋರಿಸಿ ಓಡಾಡಿಸುವ ಮೊದಲೇ, ಗೊತ್ತಿರುವ ಮನುಷ್ಯ ಹಗ್ಗ ಹಿಡಿದು ಗೊತ್ತಿರುವ ಜಾಗದಲ್ಲಿ ನಿಲ್ಲಿಸಿದಾಗಲೇ ಕೊಡಬೇಕು. ಎರಡನೆಯದು, ಇವು ನೋವನ್ನು ತೋರಿಸುವುದು ಬಹಳ ಕಮ್ಮಿ. ಹೊಟ್ಟೆನೋವಿಗೆ ಕುದುರೆ ಹೊರಳಾಡುತ್ತದೆ, ಹೇಸರಗತ್ತೆ ಎಷ್ಟೋ ಸಲ ಮೂಲೆಯಲ್ಲಿ ಮಂಕಾಗಿ ನಿಂತಿರುತ್ತದೆ ಅಷ್ಟೇ. ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬು ಏರಿ ಜೀವಕ್ಕೇ ಬರಬಹುದು, ಕತ್ತೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. "ಇವತ್ತು ಯಾಕೋ ಸುಮ್ಮನಿದೆ, ತಿಂದಿಲ್ಲ" ಅಂತ ಮಾಲೀಕರು ಹೇಳಿದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ನಾಡಿ ನೋಡಿ, ಹೊಟ್ಟೆಯ ಸದ್ದು ಕೇಳಿ, ರಕ್ತ ತೆಗೆದು ಕಳಿಸಿ.