ಸ್ಟ್ಯಾಂಶನ್: ಫೋರ್ಕಿನ ಆಯುಷ್ಯ ಬರೆದಿರುವ ಕೊಳವೆ

ಪುಣೆಯ ಸಿಟಿ ಬಸ್ಸಿನಲ್ಲಿ ಸೀಟು ಸಿಗದವರು ಹಿಡಿದು ನಿಲ್ಲುವ ಕಂಬಕ್ಕೆ ಇಂಗ್ಲಿಷಿನಲ್ಲಿ ಸ್ಟ್ಯಾಂಶನ್ ಎಂಬ ಹೆಸರಿದೆ. ಹಡಗಿನ ಅಂಚಿನ ಕಟಕಟೆಗೆ ಆಸರೆಯಾಗಿ ನಿಲ್ಲಿಸಿದ ಗೂಟಗಳಿಗೂ ಇದೇ ಹೆಸರು. ಹಳೆಯ ಫ್ರೆಂಚಿನಿಂದ ಬಂದ ಪದ. ಮೂಲ ಅರ್ಥ ಆಸರೆಗಂಬ. ಬೆಟ್ಟದ ಸೈಕಲ್ಲಿಗೆ ಬಂದು ಸೇರಿದ ಮೇಲೆ ಈ ಕಂಬಕ್ಕೆ ಭಾರ ಹೊರುವುದರ ಜೊತೆಗೆ ಇನ್ನೊಂದು ಕೆಲಸವೂ ಬಿದ್ದಿತು. ಅದು ಜಾರಬೇಕು, ದಿನವಿಡೀ ಜಾರಬೇಕು.

ಮೌಂಟನ್ ಬೈಕಿನ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲಿಗೆ ಇಲ್ಲಿಯ ಹಳೆಯ ಸೈಕಲ್ ಅಂಗಡಿಗಳಲ್ಲಿ ಚಿಮಟಾ ಎನ್ನುತ್ತಾರೆ, ಸವಾರರು ಫೋರ್ಕ್ ಎನ್ನುತ್ತಾರೆ. 1989ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಬಂದ ಮೇಲೆ ಕುಗ್ಗಿ ಹಿಗ್ಗುವ ಫೋರ್ಕುಗಳು ಬೆಟ್ಟದ ಸೈಕಲ್ಲುಗಳಲ್ಲಿ ಮನೆಮಾತಾದವು. ಇಂಥ ಫೋರ್ಕಿನಲ್ಲಿ ಮೇಲಿನಿಂದ ಇಳಿಯುವ ಎರಡು ನುಣುಪಾದ ಕೊಳವೆಗಳು ಕೆಳಗಿನ ಎರಡು ದಪ್ಪ ಕೊಳವೆಗಳೊಳಗೆ ಹೋಗಿ ಬರುತ್ತಿರುತ್ತವೆ. ಮೇಲಿನ ಆ ನುಣುಪಾದ ಜೋಡಿಯೇ ಸ್ಟ್ಯಾಂಶನ್. ಅವು ಒಳಗಿಳಿಯುವ ಬಾಯಿಯಲ್ಲಿ ರಬ್ಬರ್ ಸೀಲು, ಸೀಲಿನಡಿಯಲ್ಲಿ ಎಣ್ಣೆ ಹೀರಿದ ಸ್ಪಂಜಿನ ಉಂಗುರ, ಅದರ ಕೆಳಗೆ ಟೆಫ್ಲಾನ್ ಲೇಪದ ತೆಳುವಾದ ಬುಷ್, ಅಂದರೆ ಸ್ಟ್ಯಾಂಶನ್ ಆತುಕೊಂಡು ಜಾರುವ ಬಳೆ. ಸೀಲು, ಉಂಗುರ, ಎಣ್ಣೆ ಇವೆಲ್ಲ ಸವೆಯಲೆಂದೇ ಇರುವಂಥವು. ಸ್ಟ್ಯಾಂಶನ್ ಸವೆಯದೆ ಉಳಿಯಲಿ ಎಂದು ಅವು ತಾವು ಸವೆಯುತ್ತವೆ. ಆದ್ದರಿಂದಲೇ ಫೋರ್ಕನ್ನು ರಿಪೇರಿ ಮಾಡಿಸಬೇಕೋ, ಹೊಸದನ್ನು ತರಬೇಕೋ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಕೊಳವೆಯ ಮೈಮೇಲೆಯೇ ಬರೆದಿರುತ್ತದೆ.

ಧಾರವಾಡದಿಂದ ಕೆಲಸಕ್ಕೆಂದು ಪುಣೆಗೆ ಬಂದಿರುವ ನಮ್ಮ ಅಣ್ಣನ ಮಗ ಒಂದು ಹಳೆಯ ಮೌಂಟನ್ ಬೈಕು ಕೊಂಡಿದ್ದಾನೆ. ಭಾನುವಾರಗಳಂದು ಖಡಕ್‌ವಾಸಲಾದ ಆಚೆಯ ಮಣ್ಣುದಾರಿಗಳಲ್ಲಿ ತಿರುಗುತ್ತಾನೆ. ಜುಲೈ ತಿಂಗಳಲ್ಲಿ ಅವನು ಅದನ್ನು ಅಂಗಡಿಗೆ ಒಯ್ದಾಗ ಮೆಕ್ಯಾನಿಕ್ ಮುಂಭಾಗವನ್ನು ಒಂದು ಸಲ ಒತ್ತಿ ನೋಡಿ, "ಪೈಪ್ ಗೇಲಾ" ಎಂದು ಮರಾಠಿಯಲ್ಲಿ ಹೇಳಿ ಹೊಸ ಫೋರ್ಕಿನ ಬೆಲೆ ತಿಳಿಸಿದರಂತೆ. ಹುಡುಗ ಸೈಕಲ್ ತಳ್ಳಿಕೊಂಡು ಕೋಥ್ರೂಡಿನ ನಮ್ಮ ಮನೆಗೆ ಬಂದ. "ಕಾಕಾ, ಪೈಪು ಹೋಯಿತು ಎಂದರೆ ನಿಜವಾಗಿ ಹೋಗಿರುವುದು ಏನು?"

ಕೇಳಬೇಕಾದ ಪ್ರಶ್ನೆಯೇ ಅದು. ಹೋಗುವುದು ಕೊಳವೆಯಲ್ಲ, ಕೊಳವೆಯ ಚರ್ಮ. ಒಳ್ಳೆಯ ಫೋರ್ಕುಗಳಲ್ಲಿ ಸ್ಟ್ಯಾಂಶನ್ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಮ್ ಹಗುರ, ಆದರೆ ಮೆದು. ಅದನ್ನು ಆಮ್ಲದ ತೊಟ್ಟಿಯಲ್ಲಿಟ್ಟು ವಿದ್ಯುತ್ ಹರಿಸಿದಾಗ ಮೇಲ್ಮೈಯ ಲೋಹವೇ ಆಕ್ಸೈಡಾಗಿ ಗಟ್ಟಿ ಪದರವೊಂದು ಬೆಳೆಯುತ್ತದೆ. ಇದಕ್ಕೆ ಆನೋಡೈಸಿಂಗ್ ಎನ್ನುತ್ತಾರೆ. ಸಾಣೆಗೆ ಬಳಸುವ ಕುರುಂದದ ಕಲ್ಲಿನಲ್ಲಿರುವುದೂ ಇದೇ ಅಲ್ಯೂಮಿನಿಯಮ್ ಆಕ್ಸೈಡು. ಫಾಕ್ಸ್ ಕಂಪನಿಯ ದುಬಾರಿ ಫೋರ್ಕುಗಳ ಹೊಂಬಣ್ಣದ ಕಾಶಿಮಾ ಲೇಪ ಕೂಡ ಈ ಕುಲದ್ದೇ. ಪದರದ ದಪ್ಪ ಮಾತ್ರ ಕೂದಲೆಳೆಗಿಂತ ಕಡಿಮೆ. ಒಮ್ಮೆ ಅದು ಹರಿದರೆ ಒಳಗಿನ ಮೆದು ಲೋಹ ಬೆಳ್ಳಗೆ ಹೊರಬೀಳುತ್ತದೆ.

ಕಡಿಮೆ ಬೆಲೆಯ ಫೋರ್ಕುಗಳಲ್ಲಿ ಸ್ಟ್ಯಾಂಶನ್ ಕ್ರೋಮ್ ಹೊದಿಸಿದ ಉಕ್ಕು. ಅದರ ಶತ್ರು ತುಕ್ಕು. ಮಳೆಗಾಲದಲ್ಲಿ ನಿಂತ ಸೈಕಲ್ಲಿನ ಕ್ರೋಮಿನ ಮೇಲೆ ಏಳುವ ಚುಕ್ಕೆಗಳು ಸೀಲನ್ನು ತುರಿಮಣೆಯ ಹಾಗೆ ತುರಿಯುತ್ತವೆ. ಮೋಟರ್ ಸೈಕಲ್ಲಿನ ಫೋರ್ಕ್ ಪೈಪಿಗೆ ಮತ್ತೆ ಕ್ರೋಮ್ ಹಾಕಿಸುವ ರೂಢಿ ನಮ್ಮಲ್ಲಿ ಹಳೆಯದು, ಉಕ್ಕಿನ ಕೊಳವೆಯಾದ್ದರಿಂದ ತಾತ್ವಿಕವಾಗಿ ಇದಕ್ಕೂ ಅದು ಸಾಧ್ಯ. ಆದರೆ ಈ ದರ್ಜೆಯ ಫೋರ್ಕಿಗೆ ಅಷ್ಟು ದುಡ್ಡು ಸುರಿಯಬೇಡಿ, ಬದಲಿಸಿಬಿಡಿ. ಆನೋಡೈಸ್ ಆದ ಅಲ್ಯೂಮಿನಿಯಮ್ಮಿಗೆ ಆ ದಾರಿಯೂ ಕಷ್ಟ. ಹಳೆಯ ಪದರವನ್ನು ತೆಗೆದರೆ ಲೋಹವೂ ಜೊತೆಗೆ ಹೋಗಿ ಕೊಳವೆ ತೆಳುವಾಗುತ್ತದೆ, ಬುಷ್ ಸಡಿಲವಾಗುತ್ತದೆ.

ಈಗ ಉಗುರಿನ ಪರೀಕ್ಷೆ. ಸ್ಟ್ಯಾಂಶನ್ನನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಹೆಬ್ಬೆರಳಿನ ಉಗುರನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಗೀರು ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಅದನ್ನು ಮರೆತುಬಿಡಬಹುದು. ಉಗುರು ಸಿಕ್ಕಿಕೊಂಡರೆ ಅಲ್ಲಿಂದ ಎಣ್ಣೆ ಹೊರಕ್ಕೆ, ಕೆಸರು ಒಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ಕಲ್ಲಿಗೆ ತಾಗಿ ಆದ ಒಂದೆರಡು ಸಣ್ಣ ಗುಳಿಗಳಾದರೆ ಬಣ್ಣವಿಲ್ಲದ ಉಗುರುಬಣ್ಣವನ್ನು ತುಂಬಿ, ಒಣಗಿದ ಮೇಲೆ 2000 ನಂಬರಿನ ಮರಳುಕಾಗದದಿಂದ ಸಮ ಮಾಡಿ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಕೊಳವೆಯೇ ಬಾಗಿದ್ದರೆ, ನೆಗ್ಗಿದ್ದರೆ, ಬಿರುಕು ಬಿಟ್ಟಿದ್ದರೆ ಅಂದೇ ಸವಾರಿ ನಿಲ್ಲಿಸಬೇಕು. ಮುರಿದರೆ ನೆಲಕ್ಕೆ ಮೊದಲು ತಾಗುವುದು ಸವಾರನ ಮುಖ.

ಸ್ಟ್ಯಾಂಶನ್ನಿನ ತಪ್ಪಲ್ಲದ ದೋಷಗಳನ್ನೂ ಅದರ ತಲೆಗೆ ಕಟ್ಟುವುದುಂಟು. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಫೋರ್ಕಿನಲ್ಲಿ ಗಾಳಿ ನಿಲ್ಲುತ್ತಿಲ್ಲ ಎಂದರೆ ಹೊರಗಿನ ಗೀರು ಕಾರಣವಲ್ಲ. ಗಾಳಿ ಇರುವುದು ಕೊಳವೆಯ ಒಳಗೆ, ಅದನ್ನು ತಡೆಯುವ ಸೀಲುಗಳೂ ಒಳಗೆ, ಅವುಗಳ ಬೆಲೆ ಅಲ್ಪ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತೂಗಿದಾಗ ಟಕ್ ಟಕ್ ಎಂದರೆ, ಸೀಲೂ ಸ್ಟ್ಯಾಂಶನ್ನೂ ಕೂಡುವಲ್ಲಿ ಬೆರಳಿಡಿ. ಅಲುಗಾಟ ಅಲ್ಲಿ ತಿಳಿದರೆ ಬುಷ್ ಸವೆದಿದೆ. ಹ್ಯಾಂಡಲ್ಲಿನ ಬುಡದಲ್ಲಿ ತಿಳಿದರೆ ಬೇರಿಂಗನ್ನು ಬಿಗಿ ಮಾಡಿದರೆ ಸಾಕಾಗಬಹುದು. ಎದ್ದು ನಿಂತು ಪೆಡಲ್ ತುಳಿಯುವಾಗ ಎರಡೂ ಸ್ಟ್ಯಾಂಶನ್ನುಗಳನ್ನು ಮೇಲೆ ಕೂಡಿಸುವ ಕ್ರೌನಿನಿಂದ ಕಿರಕಿರ ಸದ್ದು ಬಂದರೆ ವಿಷಯ ಬೇರೆ. ಅಲ್ಲಿ ಕೊಳವೆಗಳನ್ನು ಒತ್ತಡದಿಂದ ಕೂರಿಸಿರುತ್ತಾರೆ, ಆ ಹಿಡಿತ ಸಡಿಲಿದರೆ ಮತ್ತೆ ಬಿಗಿಯಾಗುವುದಿಲ್ಲ. ಕ್ರೌನ್, ಅದರಿಂದ ಹ್ಯಾಂಡಲ್ಲಿನತ್ತ ಏರುವ ಸ್ಟೀರರ್ ಕೊಳವೆ, ಸ್ಟ್ಯಾಂಶನ್ ಮೂರನ್ನೂ ಒಂದೇ ತುಂಡಾಗಿ ಬದಲಿಸಬೇಕು. ಸ್ಟ್ಯಾಂಶನ್ ಒಂದೇ ಹಾಳಾದರೂ ಕೊಳ್ಳಬೇಕಾದದ್ದು ಈ ಮೂರರ ಜೋಡಣೆಯನ್ನೇ, ಮತ್ತು ಅದರ ಬೆಲೆ ಹೊಸ ಫೋರ್ಕಿನ ಅರ್ಧವನ್ನೂ ದಾಟಬಹುದು. ರಿಪೇರಿಯ ಲೆಕ್ಕ ಮುರಿಯುವುದು ಇಲ್ಲಿಯೇ.

ಹಾಗೆಂದು ಹೊಸ ಫೋರ್ಕು ತಂದರೆ ಎಲ್ಲವೂ ಮುಗಿಯುತ್ತದೆಯೇ? ಹಳೆಯ ಸೈಕಲ್ಲಿನ ಚಕ್ರ 26 ಇಂಚಿನದಾಗಿರಬಹುದು, ಸ್ಟೀರರ್ ಟ್ಯೂಬು ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯದಾಗಿರಬಹುದು, ಆಕ್ಸಲ್ಲಿನ ಅಗಲ 100 ಮಿ.ಮೀ. ಇರಬಹುದು. ಇಂದಿನ ಒಳ್ಳೆಯ ಫೋರ್ಕುಗಳು ಹೆಚ್ಚಾಗಿ 27.5 ಅಥವಾ 29 ಇಂಚಿನ ಚಕ್ರಕ್ಕೆ, ಕೆಳಗೆ ದಪ್ಪವಾಗುವ ಸ್ಟೀರರಿಗೆ, 110 ಮಿ.ಮೀ. ಆಕ್ಸಲ್ಲಿಗೆ ಹೊಂದುವಂಥವು. ಫೋರ್ಕು ತರಲು ಹೋದವನು ಚಕ್ರವನ್ನೂ ಕಟ್ಟಿಸಬೇಕಾಗಿ ಬರುತ್ತದೆ. ಅಂಥ ಸೈಕಲ್ಲಿಗೆ ಹಳೆಯದನ್ನೇ ಜತನ ಮಾಡುವುದು ಲೇಸು.

ನಮ್ಮ ಹುಡುಗನ ಫೋರ್ಕನ್ನು ಬಾಲ್ಕನಿಯಲ್ಲಿ ಬಿಚ್ಚಿದೆವು. ಕೆಳಗಿನ ಕೊಳವೆಗಳನ್ನು ಎಳೆದು ಬಗ್ಗಿಸಿದಾಗ ಬಟ್ಟಲಿಗೆ ಬಿದ್ದದ್ದು ಎಣ್ಣೆಯಂತಿರಲಿಲ್ಲ, ಆರಿದ ಚಹಾದ ಬಣ್ಣದ ನೊರೆಯಂತಿತ್ತು. ಮಳೆನೀರು ಎಣ್ಣೆಯೊಳಗೆ ಕಲಸಿಹೋಗಿತ್ತು. ಒಂದೊಂದು ಕಾಲಿನಲ್ಲಿರುವುದೇ ಹತ್ತಿಪ್ಪತ್ತು ಮಿಲಿಲೀಟರ್, ಆ ಇಷ್ಟು ಎಣ್ಣೆಯನ್ನು ಸಕಾಲಕ್ಕೆ ಬದಲಿಸದೆ ಎಷ್ಟೊಂದು ಫೋರ್ಕುಗಳು ಸಾಯುತ್ತವೆ ಎಂದು ನೆನೆದರೆ ನನಗೆ ನೋವಾಗುತ್ತದೆ. ರಾಕ್‌ಶಾಕ್ಸ್ ಕೆಳಗಾಲಿನ ಸರ್ವಿಸಿಗೆ 50 ಗಂಟೆಗಳ ಸವಾರಿಯ ಗಡುವು ಹೇಳುತ್ತದೆ. ಭಾನುವಾರಕ್ಕೆ ಎರಡು ಗಂಟೆಯಂತೆ ಓಡಿಸಿದರೂ ಅರ್ಧ ವರ್ಷಕ್ಕೆ ಒಂದು ಸಲ. ಸಹ್ಯಾದ್ರಿಯ ಮಳೆಯಲ್ಲಿ ಅದಕ್ಕೂ ಮೊದಲೇ ಬಿಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ಎಡ ಸ್ಟ್ಯಾಂಶನ್ನಿನ ಹಿಂಬದಿಯಲ್ಲಿ, ಸೀಲಿಗೆ ಸ್ವಲ್ಪ ಮೇಲೆ, ಕಪ್ಪು ಪದರ ಸವೆದು ಬೆಳ್ಳಿಯಂಥ ಕಲೆ. ಅವನ ಕೈಯಿಂದಲೇ ಉಗುರು ಎಳೆಸಿದೆ. ಸಿಗಲಿಲ್ಲ. ಬುಷ್‌ಗಳಲ್ಲಿ ಅಲುಗಾಟವಿರಲಿಲ್ಲ, ಗಾಳಿ ಸೋರದೆ ನಿಂತಿತ್ತು. ಪದರ ಹೋದ ಜಾಗ ಇನ್ನು ಬೇಗ ಸವೆಯುತ್ತದೆ, ಆದ್ದರಿಂದ ಕುಗ್ಗಿ ಹಿಗ್ಗುವ ವೇಗವನ್ನು ಹದದಲ್ಲಿಡುವ ಡ್ಯಾಂಪರಿಗೆ ದುಡ್ಡು ಹಾಕುವುದು ಬೇಡ. ಸೀಲು, ಸ್ಪಂಜು, ಎಣ್ಣೆ ಮಾತ್ರ ಹೊಸದಿರಲಿ ಎಂದು ತೀರ್ಮಾನಿಸಿದೆವು. ಸ್ಕೇಲು ಹಿಡಿದು ಕಲೆಯನ್ನು ಅಳೆದ. 22 ಮಿ.ಮೀ. ಕಾಗದದ ಟೇಪಿನ ಮೇಲೆ ಆ ಅಂಕಿ, ತಾರೀಖು ಬರೆದು ಫ್ರೇಮಿಗೆ ಅಂಟಿಸಿಕೊಂಡಿದ್ದಾನೆ. ದಸರೆಗೆ ಬಿಚ್ಚಿ ಮತ್ತೆ ಅಳೆಯುತ್ತೇವೆ.